ಕಣ್ಣು ಮಿಟುಕಿಸಿ

ನವೆಂಬರ್ ತಿಂಗಳು. ಬಳ್ಳಾರಿಯ ಬಿಸಿಲಿಗೆ ಅದು ಗೊತ್ತಿಲ್ಲ.
ಕೌಲ್‌ಬಜಾರಿನಿಂದ ಆಟೋ ಹತ್ತಿ ಬಂದಿದ್ದೇನೆ
ಬದುಕಿದ್ದೇನೆಂದು ಬರೆಸಿಕೊಡಲು.
ವರ್ಷಕ್ಕೊಮ್ಮೆ ಕೊಡಬೇಕು ಈ ಸಾಕ್ಷಿ;
ಇಲ್ಲದಿದ್ದರೆ ಮಾಸಾಶನ ನಿಲ್ಲುತ್ತದೆ,
ಆಮೇಲೆ ಮಾತ್ರೆ, ಆಮೇಲೆ ಹಾಲು.

ಹೆಬ್ಬೆರಳಿಟ್ಟೆ. ಯಂತ್ರ ಕೆಂಪಾಯಿತು.
ಸೆರಗಿಗೆ ಒರೆಸಿ ಇಟ್ಟೆ. ಮತ್ತೆ ಕೆಂಪು.
‘ಗೆರೇನೇ ಇಲ್ವಲ್ಲಮ್ಮಾ ನಿಮ್ ಬೆರಳಿಗೆ’ ಅಂದ ಹುಡುಗ.
ಎಲ್ಲಿರುತ್ತದೆ ಮಗನೇ,
ನಲವತ್ತೆರಡು ವರ್ಷ ಸಫೇದ ಕಲಸಿದ ಬೆರಳು,
ರಾತ್ರಿ ಮೂರಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ
ರಾಣಿಯನ್ನು ಒರೆಸಿ ಒರೆಸಿ ತೆಗೆದದ್ದು.
ರಾಣಿ ಹೋದಳು, ಗೆರೆಗಳನ್ನೂ ಒಯ್ದಳು.

‘ಹೆಸರು?’
ಕಾಗದದಲ್ಲಿ ಹೊನ್ನೂರಮ್ಮ.
ಊರ ಗೋಡೆಗಳ ಮೇಲೆ ಕುಮಾರಿ ಪ್ರಫುಲ್ಲಾ.
ಮಗಳು ಹುಟ್ಟಿದ ಮೇಲೂ ‘ಕುಮಾರಿ’ ಹೋಗಲಿಲ್ಲ;
‘ಶ್ರೀಮತಿ ಅಂದರೆ ಮುಂದಿನ ಕುರ್ಚಿ ಖಾಲಿ’
ಎನ್ನುತ್ತಿದ್ದರು ಕಂಪನಿ ಮಾಲೀಕರು.
ಹದಿನೇಳು ದಿನದ ಬಾಣಂತಿ, ಸ್ವಯಂವರದ ಸೀನು,
ರವಿಕೆಗೆ ಹಾಲಿಳಿಯಿತೆಂದು ಎದೆಗೆ ಕೈ ಅಡ್ಡ ಹಿಡಿದೆ.
ಆಹಾ, ಎಂಥ ನಾಚಿಕೆ, ಎಂದರು ಜನ.

ಕಂಪನಿ ಮುಳುಗಿದ್ದು ಸಿಂಧನೂರಿನಲ್ಲಿ.
ತಗಡು, ಬೊಂಬು, ಕಾಲುಪೆಟ್ಟಿಗೆ
ಅಕ್ಕಿ ಗಿರಣಿಯವನ ಸಾಲಕ್ಕೆ ಹೋದವು.
ಆಮೇಲೆ ಹಳ್ಳಿ ನಾಟಕ, ಕಾರಟಗಿ, ಮಸ್ಕಿ, ಸಿರುಗುಪ್ಪದ ಕಡೆ.
ಟ್ರಂಕು ಬಸ್ಸಿನ ಮೇಲೆ, ನಾನು ಒಳಗೆ.
ಮಧ್ಯಾಹ್ನ ಒಗ್ಗರಣೆ ಮಿರ್ಚಿ ತಿನ್ನುತ್ತ ಮಾತು ಓದಿಸಿಕೊಳ್ಳುವುದು,
ರಾತ್ರಿ ಹತ್ತಕ್ಕೆ ಹೆಂಡತಿಯಾಗುವುದು:
ಭತ್ತದ ದಲಾಲಿಗೆ, ವಾಟರ್‌ಮನ್ನನಿಗೆ, ಟ್ರ್ಯಾಕ್ಟರ್ ಡ್ರೈವರನಿಗೆ.
ದುಡ್ಡು ಹಾಕಿ ನಾಯಕರಾದವರು;
ಕೈ ಹಿಡಿದರೆ ಗಡಗಡ ನಡುಗುತ್ತಿದ್ದರು.
ಅವರ ಮಾತನ್ನೂ ನಾನೇ ತುಟಿಯಲುಗದೆ ಹೇಳಿಕೊಡುತ್ತಿದ್ದೆ:
‘ಕುಲಗೆಟ್ಟವಳೇ, ನಡೆ ಆಚೆ.’
ಬೈಗುಳವನ್ನು ಅವನ ಕಿವಿಗೆ ಹಾಕಿ,
ಅವನ ಬಾಯಿಂದ ಅದನ್ನೇ ಕೇಳಿ ಅಳುತ್ತಿದ್ದೆ.
ಅಭಿನಯವೆಂದರೇನು ಎಂದು ಯಾರಾದರೂ ಕೇಳಿದರೆ
ನನಗೆ ಗೊತ್ತಿರುವುದು ಇಷ್ಟೇ.
ನನ್ನ ಮಗಳ ಅಪ್ಪ
ಹೇಳಿಕೊಡದೆಯೇ ಬೈಯುತ್ತಿದ್ದ. ಅಲ್ಲಿ ಅಳು ಬರಲಿಲ್ಲ.

ಹುಡುಗ ಮೊಬೈಲ್ ಎತ್ತಿ ಹಿಡಿದ.
‘ಮುಖ ತೋರಿಸ್ರಿ. ಹಾಂ. ಈಗ ಕಣ್ಣು ಮಿಟುಕಿಸ್ರಿ.
ಮಿಟುಕಿಸಿದ್ರೆ ಜೀವ ಐತಿ ಅಂತ ತಿಳೀತದೆ ಇದಕ್ಕೆ.’

ನನಗೆ ಸಾಯುವುದನ್ನು ಕಲಿಸಿದವಳು ಕುರುಗೋಡಿನ ದೊಡ್ಡಬಸವ್ವಕ್ಕ.
‘ಕಣ್ಣು ಮುಚ್ಚಿ ಸಾಯಬೇಡವೇ, ಅದು ನಿದ್ದೆ.
ತೆರೆದು ಸಾಯಿ. ಗ್ಯಾಲರಿಯವನಿಗೂ ಬಿಳಿಗುಡ್ಡೆ ಕಾಣಬೇಕು.’
ಪೆಟ್ಟಿಗೆ ಮಾಸ್ತರರು ಶೋಕದ ಪದ ಮುಗಿಸುವ ತನಕ
ದೀಪದ ಹುಳು ಕಣ್ಣಂಚಿಗೆ ಕೂತರೂ
ಮಿಟುಕಿಸಿದವಳಲ್ಲ ನಾನು.
ಗಂಗಾವತಿಯಲ್ಲಿ ಒಮ್ಮೆ ‘ಒನ್ಸ್ ಮೋರ್’ ಅಂದರು;
ಎದ್ದು, ನೆರಿಗೆ ಸರಿಮಾಡಿಕೊಂಡು, ಮತ್ತೆ ಸತ್ತೆ.
ಅವ್ವ ತೀರಿದ ತಂತಿ ಅದೇ ಸಂಜೆ ಬಂದಿತ್ತು,
ಮಡಿಸಿ ರವಿಕೆಯೊಳಗಿಟ್ಟಿದ್ದೆ.
ಹೆಣ ಅಳಬಾರದು.
ವಿಂಗಿನ ಕಡೆಯ ಕಣ್ಣೊಂದರಿಂದ ಅತ್ತೆ,
ಪರದೆ ಎಳೆಯುವ ಹುಡುಗನಿಗಷ್ಟೇ ಕಾಣುವ ಹಾಗೆ.

‘ಅಮ್ಮಾ, ಮಿಟುಕಿಸ್ರಿ.’
ಹಾಳು ಅಭ್ಯಾಸ, ರೆಪ್ಪೆ ಬೀಳುತ್ತಿಲ್ಲ.
ಮೊಬೈಲಿನ ಗಾಜಿನಲ್ಲಿ ಒಬ್ಬ ಮುದುಕಿ,
ಬಣ್ಣವಿಲ್ಲ, ಯಾವ ಪಾತ್ರವೋ ತಿಳಿಯದು,
ಅವಳ ಮಾತು ಯಾರೂ ಬರೆದುಕೊಟ್ಟಿಲ್ಲ,
ನನ್ನನ್ನೇ ದಿಟ್ಟಿಸುತ್ತಿದ್ದಾಳೆ
ನಾನು ಹೇಳಿಕೊಡುತ್ತೇನೆಂದು.

ಹಿಂದೆ ಸಾಲಿನಲ್ಲಿ ಯಾರೋ ಕೆಮ್ಮಿದರು.
ತಬಲಾದ ಮೌಲಾಸಾಬರು!
ನಾನು ಪ್ರವೇಶ ಮರೆತು ನಿಂತಾಗ ಕೊಡುತ್ತಿದ್ದ
ಅದೇ ಕೆಮ್ಮು, ಒಂದೂವರೆ ಮಾತ್ರೆಯದು.
ಮಿಟುಕಿಸಿದೆ.
ಹಸಿರು.

‘ಆಯ್ತಮ್ಮಾ, ಬರೋ ವರ್ಷ ಬರ್ರಿ.’
ಹೊರಗೆ ಆಟೋದವನು ಹಾರ್ನ್ ಹೊಡೆಯುತ್ತಿದ್ದಾನೆ.
ಇರಪ್ಪಾ, ಬಂದೆ.
ಮೌಲಾಸಾಬರ ಬೆರಳೂ ಚರ್ಮಕ್ಕೆ ಸವೆದಿದೆ,
ಅವರಿಗೂ ಮೊಬೈಲ್ ಹಿಡಿಯುತ್ತಾರೆ ಈಗ.
ಕೆಮ್ಮಲು ಒಬ್ಬರು ಬೇಕಲ್ಲ.