ಟಿಕೆಟ್ ಕಿಂಡಿಯಿಂದ

ವಾಲ್ಪರೈಸೊದ ಈ ಗುಡ್ಡಕ್ಕೆ ಎರಡು ಹಳಿಬಂಡಿ.
ಒಂದು ಏರಿದರೆ ಇನ್ನೊಂದು ಇಳಿಯುತ್ತದೆ,
ನಡುದಾರಿಯಲ್ಲಿ ಒಂದನ್ನೊಂದು ಹಾಯುತ್ತವೆ, ಅಷ್ಟೇ.
ಹತ್ತೊಂಬತ್ತು ವರ್ಷ ಈ ಕಿಂಡಿಯಲ್ಲಿ ಕೂತು
ಚಿಲ್ಲರೆ ಎಣಿಸಿದ್ದೇನೆ.
ಟಿಕೆಟ್ ನೀಡಿದಾಗಲೆಲ್ಲ
ಜನ ತಮ್ಮ ಬೆನ್ನ ಹಿಂದೆ ತಿರುಗಿ ನೋಡುತ್ತಿದ್ದರು:
ಯಾರನ್ನು ನೋಡುತ್ತಿದ್ದಾಳೆ ಇವಳು?

ನಿಮ್ಮನ್ನೇ, ಸೆನ್ಯೋರ್.
ಎಡಗಣ್ಣು ನಿಮ್ಮನ್ನೇ.
ಬಲಗಣ್ಣು ಮಾತ್ರ ಮೂಗಿನ ಕಡೆ ಸರಿದು
ಯಾವುದೋ ಗುಟ್ಟು ಕೇಳುತ್ತಿರುತ್ತದೆ.

ನಾನು ಹೊಟ್ಟೆಯಲ್ಲಿದ್ದಾಗ, ಗ್ರಹಣದ ದಿನ,
ಅಮ್ಮ ಸೊಂಟಕ್ಕೆ ಕೆಂಪು ರಿಬ್ಬನ್ ಕಟ್ಟಿಕೊಳ್ಳದೆ
ಬಟ್ಟೆ ಒಣಹಾಕಲು ಹೋದಳಂತೆ.
ಅಜ್ಜಿ ಸಾಯುವವರೆಗೂ ಅದನ್ನೇ ಹೇಳಿದಳು,
ಅಮ್ಮ ಸಾಯುವವರೆಗೂ ಅದನ್ನೇ ನಂಬಿದಳು.
ಶಾಲೆಯ ಫೋಟೊಗಳಲ್ಲೆಲ್ಲ ನಾನು ಪಕ್ಕಮುಖ,
ನಾಣ್ಯದ ಮೇಲಿನ ಸೇನಾಧಿಪತಿಯ ಹಾಗೆ.

ಎಲಿಸೆಯೊಗೆ ಮೂರು ತುಂಬುವ ಮೊದಲೇ
ಚಿತ್ರಪುಸ್ತಕ ಹತ್ತಿರ ಹಿಡಿದಾಗ
ಅವನ ಕಣ್ಣೂ ಒಳಕ್ಕೆ ಜಾರತೊಡಗಿತು.
ಕ್ಯಾಲೆಂಡರ್ ತೆಗೆದು ನೋಡಿದೆ. ಆ ವರ್ಷ ಗ್ರಹಣವಿರಲಿಲ್ಲ.

ಡಾಕ್ಟರ್ ಓಯಾರ್ಸೂನ್ ಬೆರಳಿಗೆ ಪುಟ್ಟ ಬಟ್ಟೆಯಾನೆ ಸಿಕ್ಕಿಸಿಕೊಂಡು
ಎಡಕ್ಕೆ, ಬಲಕ್ಕೆ ನಡೆಸಿದರು.
"ಸೋಮಾರಿ ಕಣ್ಣು ಅನ್ನಬೇಡಿ ಇದನ್ನು" ಅಂದರು.
"ಎರಡು ಕಣ್ಣು ಎರಡು ಚಿತ್ರ ಕಳಿಸಿದರೆ
ಮಿದುಳು ಜಗಳ ತಾಳಲಾರದೆ
ಒಂದರ ಮುಖಕ್ಕೆ ಬಾಗಿಲು ಹಾಕುತ್ತದೆ.
ಬಾಗಿಲ ಹಿಂದೆ ನಿಂತ ಕಣ್ಣು
ಬರಬರುತ್ತ ತಟ್ಟುವುದನ್ನೇ ಮರೆಯುತ್ತದೆ."

ಮೊದಲು ದಪ್ಪ ಕನ್ನಡಕ.
ಅದರ ಹಿಂದೆ ಅರ್ಧ ಓರೆ ತಾನೇ ನೆಟ್ಟಗಾಯಿತು.
ಮಂಕಾದ ಕಣ್ಣು ಎಚ್ಚರಾಗಲೆಂದು
ಚೆನ್ನಾಗಿದ್ದ ಕಣ್ಣಿಗೆ ಪಟ್ಟಿ, ದಿನಕ್ಕೆ ಎರಡು ತಾಸು.
ತಪ್ಪಿಲ್ಲದ ಕಣ್ಣಿಗೆ ಯಾಕೆ ಶಿಕ್ಷೆ?
ಎಲಿಸೆಯೊ ನ್ಯಾಯ ಕೇಳಿದ, ಕಿರುಚಿದ,
ಪಟ್ಟಿ ಕಿತ್ತು ಬೆಕ್ಕಿಗೆ ಅಂಟಿಸಿದ,
ನನ್ನ ಕಿಂಡಿಯ ಗಾಜಿಗೆ ಅಂಟಿಸಿದ.
ಕೊನೆಗೆ ನಾನೂ ಒಂದು ಹಚ್ಚಿಕೊಂಡೆ, ಎಡಗಣ್ಣಿಗೆ.

ಲೋಕ ಗಂಜಿಯಾಯಿತು.
ಬಂದರಿನ ಕ್ರೇನುಗಳು ಕರಗಿದವು.
ನೂರು ಪೆಸೊ ಯಾವುದು, ಐನೂರು ಯಾವುದು
ಬೆರಳಿಗಷ್ಟೇ ಗೊತ್ತು.
ನನ್ನದೇ ತಲೆಯೊಳಗೆ ನಲವತ್ತು ವರ್ಷದಿಂದ
ಬಾಗಿಲು ತಟ್ಟದೆ ಕೂತವಳನ್ನು
ಅಂದು ಮೊದಲ ಸಲ ಮಾತಾಡಿಸಿದೆ.

ಐದಕ್ಕೆ ಆಪರೇಷನ್.
ಕಣ್ಣನ್ನು ಕಿತ್ತು ಮೇಜಿನ ಮೇಲಿಡುತ್ತಾರಂತೆ,
ಅಂದಳು ಪಕ್ಕದ ಮನೆಯ ಒತಿಲಿಯಾ.
ಇಲ್ಲ. ಕಣ್ಣು ತನ್ನ ಗೂಡಲ್ಲೇ ಇರುತ್ತದೆ.
ಬದಿಯ ಸ್ನಾಯುವನ್ನು ಬಿಡಿಸಿ
ನಾಲ್ಕೋ ಐದೋ ಮಿಲಿಮೀಟರ್ ಹಿಂದೆ ಹೊಲಿಯುತ್ತಾರೆ.
ನಮ್ಮ ಮೆಕ್ಯಾನಿಕ್ ಪ್ರತಿ ಮಾರ್ಚಿನಲ್ಲಿ
ಬಂಡಿಯ ಉಕ್ಕಿನ ಹಗ್ಗ ಸರಿಪಡಿಸುವ ಹಾಗೆ.
ಆ ನಾಲ್ಕು ಮಿಲಿಮೀಟರ್ ಹೊತ್ತು ನಾನು
ಕಾರಿಡಾರಿನಲ್ಲಿ ಮೂರು ಮೈಲಿ ನಡೆದೆ.

"ಮತ್ತೆ ನೀವು?" ಕೇಳಿದರು ಡಾಕ್ಟರ್.
ನಾನು ಹಳೆಯ ಬಂಡಿ ಅಂದೆ.
"ನೆಟ್ಟಗಾಗಿಸಬಹುದು. ನೋಟದ ಆಳ ಸಿಗುತ್ತದೆಂದು ಮಾತು ಕೊಡಲಾರೆ.
ಒಂದು ಎರಡಾಗಿ ಕಂಡರೆ
ಕನ್ನಡಕಕ್ಕೆ ಪ್ರಿಸಂ ಹಚ್ಚೋಣ."

ಅಕ್ಟೋಬರಿನಲ್ಲಿ ಮಾಡಿಸಿಕೊಂಡೆ.
ಹನ್ನೊಂದು ದಿನ ಎರಡೆರಡು ಸಮುದ್ರ,
ಎರಡೆರಡು ಹಡಗು, ಎರಡೆರಡು ಒತಿಲಿಯಾ!
ಆಮೇಲೆ ಒಂದು ಮುಂಜಾನೆ, ಸದ್ದಿಲ್ಲದೆ, ಒಂದೇ.

ಈಗ ಯಾರೂ ಹಿಂದೆ ತಿರುಗಿ ನೋಡುವುದಿಲ್ಲ.
ಜನ ನೇರ ನೋಡಿದರೆ
ನಾನೇ ಕಣ್ಣು ತಪ್ಪಿಸುತ್ತೇನೆ, ಹಳೆಯ ರೂಢಿ.

ಎಲಿಸೆಯೊ ಮಾತ್ರ
ಮುಖದ ಹತ್ತಿರ ಮುಖ ತಂದು ತಡವರಿಸಿದ.
ತೊಟ್ಟಿಲಲ್ಲೇ ಅವನಿಗೆ ಗೊತ್ತಿತ್ತು,
ಅಮ್ಮ ಇರುವುದು ಎಡಗಣ್ಣಿನಲ್ಲಿ ಎಂದು.
ಯಾರೂ ಹೇಳಿಕೊಟ್ಟಿರಲಿಲ್ಲ.
"ಈಗ ಯಾವುದನ್ನು ನೋಡಲಿ?"
ಯಾವುದಾದರೂ ಸರಿ, ಮಗೂ.
ಅವನು ಯೋಚಿಸಿದ. ಮೇಲಿನ ಗಂಟೆ ಬಡಿಯಿತು,
ಬಂಡಿ ಹೊರಡುವ ಹೊತ್ತು.
ಬಲಗಣ್ಣಿಗೆ ಒಮ್ಮೆ ಕೈ ಬೀಸಿ
ಎಡಗಣ್ಣಿಗೇ ಹೋದ.