ಕಿಟಕಿ ಕೊರೆದ ರಟ್ಟು

ಅರವತ್ತೆರಡು ಮಕ್ಕಳು, ಒಂದೇ ಅಕ್ಷರಪಟ.
ಗೋಡೆಯ ಮಣ್ಣು ಉದುರಿ ಉದುರಿ ಅದರ ಒಂದು ಮೂಲೆ ಕೆಂಪಾಗಿದೆ.
ನಾನು ಕೋಲೆತ್ತಿದರೆ ಸಾಕು
ಹೆ ಹು ಹಿ ಹಾ ಹೇ ಹ್ ಹೋ
ತಗಡಿನ ಮಾಡು ಅದುರುವಂಥ ಒಕ್ಕೊರಲು.
ಮೋಟಾದ ಸಂತೆಗೆ ಟೆಫ್ ಹೊತ್ತು ಹೊರಟ ಕತ್ತೆಗಳೂ
ಒಂದು ಗಳಿಗೆ ನಿಂತು ಕಿವಿ ನಿಮಿರಿಸುತ್ತವೆ.

ಕಳೆದ ಸೋಮವಾರ ಇನ್ಸ್‌ಪೆಕ್ಟರು ಬಂದಿದ್ದರು.
ಕೇಳಿದರು, ತಲೆದೂಗಿದರು,
ಕಾಫಿಯ ಮೂರನೇ ಸುತ್ತಿಗೂ ಕಾಯದೆ
'ಓದು: ಉತ್ತಮ' ಎಂದು ಬರೆದು
ಗಾಬಿ ಕೊಡವಿಕೊಂಡು ಎದ್ದುಹೋದರು.
ನಾನು ಸುಮ್ಮನಿದ್ದೆ.
ಹನ್ನೊಂದು ವರ್ಷದಿಂದ ಸುಮ್ಮನಿದ್ದೇನೆ.

ಗೊತ್ತಿತ್ತು ನನಗೆ.
ಮುಲುಕೆನ್‌ನ ಕಣ್ಣು ಪಟದ ಮೇಲಿರುವುದೇ ಇಲ್ಲ,
ಬಾಗಿಲಾಚೆ ನೀಲಗಿರಿ ಮರಕ್ಕೆ ಅವನೇ ಕಟ್ಟಿ ಬಂದ
ಹಸುವಿನ ಮೇಲಿರುತ್ತದೆ.
ಬಾಯಿ ಮಾತ್ರ ಸಾಲು ಹಿಡಿದು ಸಾಗುತ್ತದೆ,
ಒಡೆಯ ನಿದ್ದೆ ಹೋದರೂ
ದಾರಿ ಬಲ್ಲ ಕತ್ತೆ ಮನೆ ಸೇರುವ ಹಾಗೆ.

ಮಂಗಳವಾರ, ಯಾಕೋ, ತಡೆಯಲಾಗಲಿಲ್ಲ.
ಸಾಲಿನ ನಡುವೆ ಒಂದು ಅಕ್ಷರದ ಮೇಲೆ ಕೋಲೂರಿ
"ಇದು?" ಅಂದೆ.
ಮೊದಲಿನಿಂದ ಶುರುಮಾಡಿದ.
ತುಟಿಯೊಳಗೇ ಲೆ, ಲು, ಲಿ,
ಬೆನ್ನ ಹಿಂದೆ ಬೆರಳು ಮಡಚುತ್ತಾ,
"ಲಾ!"
ಇದು?
ಮತ್ತೆ ಕೆಳಗಿನಿಂದ: ಮೆ, ಮು, ಮಿ, ಮಾ, ಮೇ,
ಏದುಸಿರು ಬಿಡುತ್ತಾ ಆರನೇ ಮೆಟ್ಟಿಲು, "ಮ್!"
ಈಗ ಎರಡನ್ನೂ ಕೂಡಿಸು.
"ಯಾವ ಎರಡು?" ಎಂದ.
ಮೇಲೆ ಹತ್ತುವಷ್ಟರಲ್ಲಿ
ಮೊದಲ ಕೊಡ ಸೋರಿಹೋಗಿತ್ತು.

ಆ ರಾತ್ರಿ ಸೋಪಿನ ಡಬ್ಬದ ರಟ್ಟು ಬಿಡಿಸಿ
ಬ್ಲೇಡಿನಲ್ಲಿ ಒಂದು ಕಿಟಕಿ ಕೊರೆದೆ,
ಒಂದೇ ಅಕ್ಷರ ಹಿಡಿಯುವಷ್ಟು.
ಹಿಂದಿನದು ಕಾಣದು, ಮುಂದಿನದು ಕಾಣದು.
ಓಡಿ ಬರಲು ದಾರಿಯೇ ಇಲ್ಲ.

ಬೆಳಿಗ್ಗೆ ಪಟದ ಮೇಲೆ ಅದನ್ನಿಟ್ಟಾಗ
ಅರವತ್ತೆರಡು ಬಾಯಿ ಮುಚ್ಚಿತು.
ಎನಾನು ಅತ್ತೇಬಿಟ್ಟಳು: "ಉಳಿದವೆಲ್ಲ ಎಲ್ಲಿ ಹೋದವು?"
ಪಕ್ಕದ ಕೋಣೆಯಿಂದ ವುಬೆಟು ಮೇಷ್ಟ್ರು ಇಣುಕಿ
"ಏನು ಯಿತಾಯಿಶ್, ಹಾಡುತ್ತಿದ್ದ ಹಕ್ಕಿಗಳ
ಕೊರಳು ಹಿಸುಕಿದೆಯಲ್ಲ" ಎಂದು ನಕ್ಕರು.
ನಗು ಬರಲಿಲ್ಲ ನನಗೆ.
ಸ್ವಲ್ಪ ಹೆದರಿಕೆಯೂ ಆಗಿತ್ತು.

ಒಂಬತ್ತು ದಿನ.
ಕಿಟಕಿ ಸರಿಸುವುದು, ಕಾಯುವುದು.
ಕಾಯುವುದನ್ನು ನನಗೆ ಯಾರೂ ಕಲಿಸಿರಲಿಲ್ಲ;
ಉತ್ತರ ನಾಲಿಗೆಯ ತುದಿಗೆ ಬಂದು ಕೂತಾಗ
ನುಂಗುವುದು ಎಷ್ಟು ಕಷ್ಟ!

ಹತ್ತನೇ ದಿನ ಕಿಟಕಿಯನ್ನು
ಎರಡು ಅಕ್ಷರದಷ್ಟು ಅಗಲ ಮಾಡಿದೆ.
ಮುಲುಕೆನ್ ಮೂಗು ತಾಗುವಷ್ಟು ಹತ್ತಿರ ನಿಂತ.
ಲಾ.
ಮ್.
ಲಾ... ಮ್.
ಲಾಮ್.
ಆಮೇಲೆ ಮೆಲ್ಲಗೆ ಬಾಗಿಲ ಕಡೆ ತಿರುಗಿದ.
ಅಲ್ಲಿ ನಿಂತಿತ್ತು ಅದು, ಮೆಲುಕು ಹಾಕುತ್ತಾ,
ಗೋಡೆಯ ಮೇಲಿಂದ ಯಾರೋ ತನ್ನನ್ನು ಕರೆದರೆಂಬ
ಪರಿವೆಯೇ ಇಲ್ಲದ ಹಸು.
"ಟೀಚರ್, ಇದರ ಒಂದು ಕಾಲು ಗಿಡ್ಡ" ಅಂದ,
ಮೊದಲ ಅಕ್ಷರ ಮುಟ್ಟಿ.
"ಇಲ್ಲಿ ಬಾಲ ಜೋತುಬಿದ್ದಿದೆ. ಆದರೆ ಕೊಂಬು ಬರೆದಿಲ್ಲ."
ನಾಲ್ಕು ವರ್ಷ ದಿನವೂ ಕೂಗಿದ್ದ ಅಕ್ಷರವನ್ನು
ಹುಡುಗ ಈಗ ನೋಡುತ್ತಿದ್ದ.

ಎನಾನುವಿಗೆ ಇನ್ನೂ ಬಂದಿಲ್ಲ. ಬಹಳ ಮಂದಿಗೆ ಬಂದಿಲ್ಲ.
ರಟ್ಟು ಬೆವರಿಗೆ ಮೆತ್ತಗಾಗಿದೆ, ಬೇರೆ ಕೊರೆಯಬೇಕು.

ಇವತ್ತು ಇನ್ಸ್‌ಪೆಕ್ಟರು ಮತ್ತೆ ಬಂದರು.
ರಟ್ಟನ್ನು ಬೀರುವಿನಲ್ಲಿಟ್ಟು ಕೋಲೆತ್ತಿದೆ, ಹಳೆಯ ಅಭ್ಯಾಸ.
ಒಕ್ಕೊರಲು ಎದ್ದಿತು, ಮಾಡು ಅದುರಿತು.
ಒಬ್ಬನ ದನಿ ಮಾತ್ರ
ಎಲ್ಲರೂ ಮುಂದಿನ ಸಾಲಿಗೆ ಜಿಗಿದರೂ
ಎಲ್ಲೋ ಹಿಂದೆ ಉಳಿದಿತ್ತು,
ಒಂದೊಂದನ್ನೂ ನಿಂತು, ನೋಡಿ, ದಾಟುತ್ತಾ.

"ಆ ಹುಡುಗ ಹಿಂದುಳಿದಿದ್ದಾನೆ" ಎಂದು ಬರೆದುಕೊಂಡರು.
ಹೌದು ಸಾರ್, ಎಂದೆ.
ಮೂರನೇ ಸುತ್ತಿನ ಕಾಫಿ ನಾನೇ ಕುಡಿದೆ.