ಬೆರಳಹಲಗೆ

ಹೊಟ್ಟೆ ಬಿಚ್ಚಿದರೆ ಪಿಟೀಲಿನೊಳಗೆ
ಒಂದು ಕೋಟಿನ ಗುಂಡಿ, ನೂರು ವರ್ಷದ ಧೂಳಿನುಂಡೆ,
ಪೆನ್ಸಿಲಿನಲ್ಲಿ: ಸೆವೆರಿನ್ ಕ್ರುಕ್, ಪೊಜ್ನಾನ್.

ಹಳೇ ಪೋಸ್ಟರುಗಳಲ್ಲಿ ಇವನು ಬಿರುಗಾಳಿ.
ಲೀಡ್ಸಿನಲ್ಲಿ ಒಂದು ತಂತಿ ಹರಿದರೂ
ಉಳಿದ ಮೂರರಲ್ಲೇ ಕಚೇರಿ ದಾಟಿಸಿದನಂತೆ.
ಆಮೇಲೆ ಬ್ರಾಡ್‌ಫರ್ಡ್. ಸಂಧಿವಾತ. ಬಾಡಿಗೆ ಬಾಕಿ.
ಬರೆದ ಮಜುರ್ಕಾಗಳು ಹದಿನೇಳು;
ಒಂದರ ಕೊನೆಯ ಹಾಳೆ
ಮನೆಯೊಡತಿಯ ಕಪಾಟಿಗೆ ಹಾಸಾಯಿತು.

ನನಗೆ ತಿಳಿಯುವುದು ಮರದ ಮಾತು ಮಾತ್ರ.
ಬೆರಳಹಲಗೆಯನ್ನು ಓರೆ ಬೆಳಕಿಗೆ ಹಿಡಿದೆ:
ಸಭೆ ಉಸಿರು ಬಿಗಿಹಿಡಿದ ಆ ಎತ್ತರದ ಜಾಗದಲ್ಲಿ
ಒಂದು ಗೀರೂ ಇಲ್ಲ.
ಸವೆದದ್ದೆಲ್ಲ ಕೆಳಗೆ, ಮೊದಲ ಪಾಠದ ನಾಲ್ಕು ಸ್ವರ,
ಸಣ್ಣ ಸಣ್ಣ ಕುಳಿ, ಅವನ ಬೆರಳಿನಗಲದ್ದಲ್ಲ.
ಉಣ್ಣೆ ಗಿರಣಿಯ ಮಕ್ಕಳು, ಶನಿವಾರ ಸಂಜೆ,
ಒಂದೇ ಪಿಟೀಲು, ಸರದಿ.

"ಸಮ ಮಾಡಿಕೊಡಿ, ತಂತಿ ಝರಝರ ಅನ್ನುತ್ತೆ" ಅಂದಳು ತಂದವಳು,
ಆ ಸರದಿಯಲ್ಲಿ ನಿಂತವಳೊಬ್ಬಳ ಮರಿಮಗಳು.
ಸರಿಯೇ. ಉಜ್ಜುಗೊರಡು ಹಾಕಿದೆ.
ಉದುರಿದ ಕರಿ ಸುರುಳಿಗಳನ್ನು ಲಕೋಟೆಗೆ ತುಂಬಿ
ಯಾರ ಹೆಸರು ಬರೆಯಲಿ ತಿಳಿಯದೆ
ಹಾಗೇ ಅಂಟಿಸಿದೆ.
ಬಿಲ್ಲಿನಲ್ಲಿ ಸೇರಿಸಲಿಲ್ಲ.